ಹಿಮ ಹೋಗಿ ಸಾವಿರಾರು ವರ್ಷ, ನೆಲ ಇನ್ನೂ ಏಳುತ್ತಿದೆ!

ಪ್ರಶ್ನೆ: ಹಿಮ ಕರಗಿದ್ದರಿಂದ ಸ್ವೀಡನ್‌ನಲ್ಲಿ ನೆಲ ಮೇಲೇಳುತ್ತಿದೆಯಂತೆ. ಆ ಹಿಮ ಕರಗಿ ಎಷ್ಟೋ ಸಾವಿರ ವರ್ಷ ಆಯಿತಲ್ಲ, ಈಗಲೂ ಯಾಕೆ? ನಮ್ಮ ಕರಾವಳಿಯೂ ಹೀಗೆ ಏಳುತ್ತದೆಯೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಹೋಳಿಗೆಗೆ ನಾದಿಟ್ಟ ಕಣಕಕ್ಕೆ ಬೆರಳೊತ್ತಿ ತೆಗೆದು ನೋಡಿ. ಗುಳಿ ಬೀಳುತ್ತದೆ, ಆಮೇಲೆ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಸ್ವೀಡನ್ ಮೇಲೆ ಸುಮಾರು 3 ಕಿಲೋಮೀಟರ್ ದಪ್ಪದ ಹಿಮ ಕೂತಿತ್ತು. ಆ ಭಾರಕ್ಕೆ ನೆಲ ಕುಸಿಯಿತು, ಅಡಿಯ ಕಲ್ಲು ಪಕ್ಕಕ್ಕೆ ಸರಿಯಿತು. ಅದು ಲಾವಾ ಅಲ್ಲ, ಗಟ್ಟಿ ಕಲ್ಲೇ. ಆದರೆ ಆ ಆಳದ ಬಿಸಿಯಲ್ಲಿ ಕಲ್ಲೂ ಸಾವಿರಾರು ವರ್ಷದಲ್ಲಿ ಹರಿಯುತ್ತದೆ. ಸುಮಾರು 10,000 ವರ್ಷದ ಹಿಂದೆ ಹಿಮ ಹೋಯಿತು. ಸರಿದ ಕಲ್ಲು ಇನ್ನೂ ವಾಪಸ್ ಬರುತ್ತಲೇ ಇದೆ.

ಇದನ್ನು ಅಳೆಯಲು ಹೊರಟವರು ಆಂಡರ್ಸ್ ಸೆಲ್ಸಿಯಸ್. ಹೌದು, ದಿನಾ ಬಿಸಿಲು ಅಳೆಯುವ ಡಿಗ್ರಿಗೆ ಇರುವುದು ಇವರದೇ ಹೆಸರು. ಅಲ್ಲಿ ಸೀಲ್ ಎಂಬ ಕಡಲ ಪ್ರಾಣಿಗಳು ನೀರಿನ ಮಟ್ಟಕ್ಕಿರುವ ಬಂಡೆ ಹತ್ತಿ ಮಲಗುತ್ತವೆ. ಬೇಟೆಗೆ ಒಳ್ಳೆಯ ಜಾಗ ಅಂತ ಅಂಥ ಬಂಡೆಗೆ ಬೆಲೆಯಿತ್ತು. ಕಾಲ ಕಳೆದಂತೆ ಬಂಡೆ ಎತ್ತರವಾಗಿ, ಸೀಲ್‌ಗೆ ಹತ್ತಲಾಗದೆ, ಬೆಲೆಯೂ ಹೋಯಿತು. ಸೆಲ್ಸಿಯಸ್ 1731ರಲ್ಲಿ ಯೆವ್ಲೆ ಊರಿನ ಹತ್ತಿರದ ದ್ವೀಪವೊಂದರಲ್ಲಿ, ಬಂಡೆಯ ಮೇಲೆ ನೀರಿನ ಮಟ್ಟಕ್ಕೆ ಗೆರೆ ಕೆತ್ತಿಸಿದರು. ಆ ಗೆರೆ ಈಗ ನೀರಿನಿಂದ ಸುಮಾರು 2 ಮೀಟರ್ ಮೇಲಿದೆ. ಪಾಪ, ಸಮುದ್ರವೇ ಬತ್ತುತ್ತಿದೆ ಅಂತ ಅವರು ನಂಬಿದ್ದರು! ದಡದಲ್ಲಿ ನಿಂತು ನೋಡಿದವರಿಗೆ ಹಾಗನ್ನಿಸುವುದು ಸಹಜವೇ ಅಲ್ವಾ?

ಉತ್ತರದ ಲೂಲಿಯೊ ಪಟ್ಟಣದ್ದು ಇನ್ನೊಂದು ಕಥೆ. 1621ರಲ್ಲಿ ಪಟ್ಟಣವಾಯಿತು. ಮೂವತ್ತು ವರ್ಷ ತುಂಬುವ ಮೊದಲೇ, 1649ರಲ್ಲಿ, ಬಂದರಿನ ಆಳ ಸಾಲದೆ ಇಡೀ ಪಟ್ಟಣವನ್ನು ಸಮುದ್ರದ ಕಡೆಗೆ ಸ್ಥಳಾಂತರಿಸಬೇಕಾಯಿತು. ಆ ಭಾಗದಲ್ಲಿ ನೆಲ ಈಗಲೂ ವರ್ಷಕ್ಕೆ ಹತ್ತಿರಹತ್ತಿರ 1 ಸೆಂಟಿಮೀಟರ್ ಏಳುತ್ತಿದೆ.

ಎಲ್ಲ ಕಡೆ ಇಷ್ಟು ನಿಧಾನವಲ್ಲ. ಐಸ್‌ಲ್ಯಾಂಡ್‌ನ ಅಡಿಯ ಕಲ್ಲು ಜಾಸ್ತಿ ಬಿಸಿ, ಜಾಸ್ತಿ ಮೆತ್ತಗೆ. ಅಲ್ಲಿ ಈಗ ಕರಗುತ್ತಿರುವ ಹಿಮಕ್ಕೇ ನೆಲ ಬೇಗ ಏಳುತ್ತಿದೆ.

ಇನ್ನು ನಮ್ಮ ಕರಾವಳಿ. ಇಲ್ಲಿ ಅಂಥ ಹಿಮ ಕೂತಿರಲೇ ಇಲ್ಲ, ಹಾಗಾಗಿ ಆ ಕಾರಣಕ್ಕೆ ನೆಲ ಏಳುವ ಮಾತಿಲ್ಲ. ನಮಗೆ ಬರುವುದು ನೀರು ಮಾತ್ರ. ಗ್ರೀನ್‌ಲ್ಯಾಂಡ್‌ನ ಹಿಮರಾಶಿ ಎಷ್ಟು ದೊಡ್ಡದೆಂದರೆ, ತನ್ನ ಗುರುತ್ವದಿಂದ ಸಮುದ್ರವನ್ನು ತನ್ನತ್ತ ಸೆಳೆದಿಟ್ಟುಕೊಂಡಿದೆ. ಅದು ಕರಗಿದಷ್ಟೂ ಸೆಳೆತ ಕಡಿಮೆ. ಅಲ್ಲಿನ ದಡದಲ್ಲಿ ನೀರು ಇಳಿಯುತ್ತದೆ, ದೂರದ ನಮ್ಮಂಥವರ ದಡದಲ್ಲಿ ಏರುತ್ತದೆ.