ಫ್ಲೋರೈಡ್ ಬೋರ್ ನೀರು, ಕ್ಯಾನ್ ಖರ್ಚು: ತಾರಸಿ ನೀರನ್ನು ಕುಡಿಯಲು ಹಿಡಿಯುವ ಲೆಕ್ಕ

ಪಾವಗಡದಲ್ಲಿ ನಿಮ್ಮದು ಹತ್ತು ಚದರದ (ಸಾವಿರ ಚದರ ಅಡಿ) ಮನೆ, ಐದು ಜನ, ಬೋರ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2.4 ಮಿ.ಗ್ರಾಂ, ದಿನಕ್ಕೊಂದು 35 ರೂಪಾಯಿಯ ಕ್ಯಾನ್. ಬೋರ್ ನೀರನ್ನೇ ಕುದಿಸಿ ಕುಡಿದರೆ ಸಾಲದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5.

ಕ್ಯಾನಿಗೆ ವರ್ಷಕ್ಕೆ 12,775 ರೂಪಾಯಿ ಹೋಗುತ್ತಿದೆ. ಅದರ ಬದಲು ತಾರಸಿಯ ಮಳೆನೀರನ್ನೇ ಹಿಡಿಯಿರಿ. ನಿಮ್ಮ ತಾರಸಿ ಸುಮಾರು 93 ಚದರ ಮೀಟರ್. ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 500 ಮಿ.ಮೀ. ಮಳೆ ಹಿಡಿದು ಐದರಲ್ಲೊಂದು ಪಾಲು ಬಿಟ್ಟರೂ 37 ಸಾವಿರ ಲೀಟರ್ ಸಿಗುತ್ತದೆ. ಬರದ ವರ್ಷ ಅರ್ಧ ಬಂದರೂ 18 ಸಾವಿರ. ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು 9,125 ಲೀಟರ್ ಮಾತ್ರ. ಆದ್ದರಿಂದ 10 ಸಾವಿರ ಲೀಟರಿನ ಸಂಪು ಸಾಕು: ಒಳ ಅಳತೆ 8×7 ಅಡಿ, ನೀರಿನ ಆಳ ಆರೂವರೆ ಅಡಿ. ಶೌಚಗುಂಡಿಯಿಂದ ಆದಷ್ಟು ದೂರ ಕಟ್ಟಿಸಿ.

ಹೆಚ್ಚಿನವರು ಎಡವುವುದು ಮೊದಲ ಮಳೆಯ ನೀರನ್ನು ಹೊರಬಿಡುವಲ್ಲಿ. ಧೂಳು, ಹಕ್ಕಿ ಹಿಕ್ಕೆ ತೊಳೆದುಹೋಗಲು ಮೊದಲ 1–2 ಮಿ.ಮೀ., ಅಂದರೆ ನಿಮಗೆ 100ರಿಂದ 200 ಲೀಟರ್, ಹೊರಹೋಗಬೇಕು. ಪ್ಲಂಬರ್‌ಗಳು ಇದಕ್ಕೆಂದು ಕೂರಿಸುವ 10 ಅಡಿಯ ನಾಲ್ಕಿಂಚು ಪೈಪು 30 ಲೀಟರೂ ಹಿಡಿಯದು. ಇಳಿಪೈಪಿಗೆ ಟೀ (T ಆಕಾರದ ಪೈಪು ಜೋಡಣೆ) ಹಾಕಿ ಒಂದು ಕವಲನ್ನು ಶೋಧಕಕ್ಕೆ ಬಿಟ್ಟು, ಕೆಳಗೆ ವಾಲ್ವ್ ಇಡಿ. ಅದು ಸದಾ ತೆರೆದಿರಲಿ, ಮಳೆ ಹಿಡಿದು ನೀರು ತಿಳಿಯಾದ ಮೇಲೆ ಮುಚ್ಚಿ, ನಿಂತ ಮೇಲೆ ಮತ್ತೆ ತೆರೆಯಿರಿ.

ಸಂಪಿಗೆ ಹೋಗುವ ಮೊದಲು ನೀರನ್ನು ಸೋಸುವ ಈ ಶೋಧಕಕ್ಕೆ 200 ಲೀಟರಿನ ಡ್ರಮ್ ಸಾಕು. ತಳದಲ್ಲಿ 40 ಎಂಎಂ ಜಲ್ಲಿ, ಮೇಲೆ 20 ಎಂಎಂ, ಆಮೇಲೆ ಇದ್ದಿಲು, ಎಲ್ಲಕ್ಕಿಂತ ಮೇಲೆ ಒಂದಡಿ ದಪ್ಪ ಮರಳು, ಪದರಗಳ ನಡುವೆ ನೈಲಾನ್ ಜಾಳಿಗೆ. ಎಲ್ಲವನ್ನೂ ತೊಳೆದೇ ತುಂಬಿ. ಜೋರು ಮಳೆಗೆ ಡ್ರಮ್ ಉಕ್ಕುತ್ತದೆ, ಅಂಚಿನ ಕೆಳಗೊಂದು ಓವರ್‌ಫ್ಲೋ ಪೈಪು ಬೇಕೇಬೇಕು.

ಸಂಪಿಗೆ ಬೆಳಕು ಹೋದರೆ ಪಾಚಿ, ಸಂದಿಯಿದ್ದರೆ ಸೊಳ್ಳೆ. ಮುಚ್ಚಳ ಬಿಗಿಯಾಗಿರಲಿ, ಗಾಳಿಪೈಪಿಗೂ ಜಾಳಿಗೆ ಕಟ್ಟಿ. ಬಿಂದಿಗೆ ಅದ್ದಬೇಡಿ, ಕೈಪಂಪು ಕೂರಿಸಿ. ಬೇಸಿಗೆಯಲ್ಲಿ ಖಾಲಿ ಕಂಡಿತೆಂದು ಈ ಸಂಪಿಗೆ ಬೋರ್ ನೀರು ಬಿಟ್ಟರೆ ಅಷ್ಟೂ ಶ್ರಮ ವ್ಯರ್ಥ, ಆ ಪೈಪಿನ ಜೋಡಣೆಯನ್ನೇ ಇಡಬೇಡಿ.

ಕ್ರಿಮಿ ಸಾಯಲು ಸಂಪಿನ ಸಾವಿರ ಲೀಟರ್ ನೀರಿಗೆ 4 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿದು ಅರ್ಧ ಗಂಟೆ ಬಿಡಿ. ತೆರೆದಿಟ್ಟ ಹಳೆಯ ಪೊಟ್ಟಣದಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಪ್ರತಿ ಮೇ ತಿಂಗಳು ತಾರಸಿ, ಡ್ರಮ್ಮಿನ ಮರಳು, ಸಂಪಿನ ತಳ ಮೂರನ್ನೂ ತೊಳೆದಿಡಿ.