ಸೊಲ್ಲಾಪುರದ ಮುಂದಿನ ಮೇಯರ್ ಎಂದು ಇಬ್ಬರ ಹೆಸರು ಹೇಳ್ತಿದ್ದಾರೆ, ಯಾರಿಗೆ ಮತ ಹಾಕಲಿ? (2026ರ ಜನವರಿ 15ರ ಸೊಲ್ಲಾಪುರ ಪಾಲಿಕೆ ಚುನಾವಣೆಗೆ ಮೊದಲು ಬರೆದ ಉತ್ತರ)

ಅಕ್ಕಾ, ನಿಮ್ಮ ತವರು ಅಕ್ಕಲಕೋಟೆ ಕಡೆಯ ಮೈಂದರ್ಗಿ, ಸೊಲ್ಲಾಪುರದಲ್ಲಿ ಇದೇ ಮೊದಲ ಮತ ಎಂದು ಬರೆದಿದ್ದೀರಿ. ನಿಮ್ಮ ಪ್ರಭಾಗದ, ಅಂದರೆ ವಾರ್ಡಿನ, ಒಂದು ಸೀಟಿಗೆ ಇಬ್ಬರು ನಿಂತಿದ್ದಾರೆ. ಒಬ್ಬರು ಹಳೆಯ ನಗರಸೇವಕರು, ಅಂದರೆ ಹಿಂದೆ ಪಾಲಿಕೆ ಸದಸ್ಯರಾಗಿದ್ದವರು, ಮಾತು ಒರಟು. ಇನ್ನೊಬ್ಬರು ಹೊಸಬರು, ಡಾಕ್ಟರಮ್ಮ, ದಿನಾ ನೀರು ಬಿಡಿಸ್ತೇನೆ ಅಂತಾರೆ. ಇಬ್ಬರ ಕಡೆಯವರೂ ಬಾಗಿಲಿಗೆ ಬಂದು "ಇವರೇ ಮುಂದಿನ ಮೇಯರ್" ಎಂದು ಹೇಳಿ ಹೋಗಿದ್ದಾರೆ.

ಮೊದಲು ಆ ಮೇಯರ್ ಮಾತನ್ನು ತಲೆಯಿಂದ ತೆಗೆದುಬಿಡಿ. ಮೈಂದರ್ಗಿ, ದುಧನಿ, ಅಕ್ಕಲಕೋಟೆಯಲ್ಲಿ 2025ರ ಡಿಸೆಂಬರ್‌ನಲ್ಲಿ ಜನ ನಗರಾಧ್ಯಕ್ಷರಿಗೆ ನೇರ ಮತ ಹಾಕಿದರು, ಅದು ನಗರ ಪರಿಷತ್ತು. ಸೊಲ್ಲಾಪುರದ್ದು ಮಹಾನಗರಪಾಲಿಕೆ. ಇಲ್ಲಿ ನಾವು ಆರಿಸೋದು ನಗರಸೇವಕರನ್ನು ಮಾತ್ರ, 26 ಪ್ರಭಾಗದಿಂದ 102 ಜನ, ಆಮೇಲೆ ಅವರೇ ಸೇರಿ ತಮ್ಮೊಳಗೆ ಒಬ್ಬರನ್ನು ಎರಡೂವರೆ ವರ್ಷಕ್ಕೆ ಮೇಯರ್ ಮಾಡುತ್ತಾರೆ, ಅದೂ ಪಕ್ಷ ಹೇಳಿದಂತೆ. ಇನ್ನೂ ಒಂದು ಇದೆ. ಮೇಯರ್ ಹುದ್ದೆ ಯಾವ ವರ್ಗಕ್ಕೆ, ಮಹಿಳೆಗೋ ಅಲ್ಲವೋ ಅನ್ನೋ ಮೀಸಲಾತಿಯ ಚೀಟಿಯನ್ನೇ ಈ ಸಲ ಇನ್ನೂ ಎತ್ತಿಲ್ಲ. ಮಹಿಳೆಗೆ ಬಂದರೆ ನಿಮ್ಮ ಹಳೆಯ ನಗರಸೇವಕರು ಆಟದಲ್ಲೇ ಇಲ್ಲ. ಹಾಗಿರುವಾಗ ಇವರು ಯಾವ ಧೈರ್ಯದ ಮೇಲೆ ಹೇಳ್ತಾರೋ ಗೊತ್ತಿಲ್ಲ, ಇದು ಮತದಾರರಿಗೆ ಮಾಡುವ ಮೋಸ ಅಂತಲೇ ನನಗೆ ಅನಿಸುತ್ತದೆ.

ಮೇಯರ್ ಆದರೂ ಎಲ್ಲ ಅವರ ಕೈಯಲ್ಲಿ ಇರೋದಿಲ್ಲ. ಸಭೆ ನಡೆಸೋದು ಅವರು. ಆಡಳಿತ ನಡೆಸೋದು ಸರಕಾರ ಕಳಿಸಿದ ಆಯುಕ್ತರು. ದೊಡ್ಡ ಟೆಂಡರು, ಖರ್ಚು, ಬಜೆಟ್ಟು ಹಾದುಹೋಗೋದು 16 ಜನರ ಸ್ಥಾಯಿ ಸಮಿತಿಯಲ್ಲಿ. ಅದಕ್ಕೇ ಹೇಳೋದು, ಸಭೆಯಲ್ಲಿ ಕೂತು ಕಾಗದ ಓದಿ ಪ್ರಶ್ನೆ ಕೇಳುವ ನಗರಸೇವಕ ಬೇಕು. ಹಾರ ಹಾಕಿಸಿಕೊಳ್ಳೋರು ಬೇಡ.

ಈಗ ನೀರಿನ ಮಾತು. ನಮ್ಮಲ್ಲಿ ಎಷ್ಟೋ ಭಾಗಕ್ಕೆ ನಳ ಬರೋದು ನಾಲ್ಕೈದು ದಿನಕ್ಕೊಮ್ಮೆ. ಮನೆಯ ಹೆಂಗಸರು ಅದೇ ಲೆಕ್ಕದ ಮೇಲೆ ಬಟ್ಟೆ ಒಗೆಯೋದು, ಊರಿಗೆ ಹೋಗೋದು ಎಲ್ಲ ಗೊತ್ತು ಮಾಡಿಕೊಳ್ಳುತ್ತಾರೆ. ಮಳೆ ಚೆನ್ನಾಗಿ ಆದ ವರ್ಷ ಉಜನಿ ಅಣೆಕಟ್ಟು ತುಂಬಿ ನೂರು ಟಿಎಂಸಿಗಿಂತ ಜಾಸ್ತಿ ನೀರು ನಿಂತಿರುತ್ತದೆ, ಆದರೂ ನಮ್ಮ ನಳ ಒಣಗಿರುತ್ತದೆ! ಉಜನಿಯಿಂದ ನೂರು ಕಿಲೋಮೀಟರಿಗೂ ದೂರದ ಪೈಪಿನಲ್ಲಿ ನೀರು ಬರಬೇಕು, ಇನ್ನೊಂದು ಪಾಲು ಭೀಮಾ ನದಿಯ ಟಾಕಳಿಯಿಂದ ಬರಬೇಕು, ನದಿಗೆ ನೀರು ಬಿಡೋದು ನೀರಾವರಿ ಇಲಾಖೆ, ಬಂದ ನೀರು ನಿಲ್ಲೋಕೆ ಊರಲ್ಲಿ ಟಾಕಿ ಬೇಕು, ಟಾಕಿಯಿಂದ ಓಣಿಗೆ ಹೋಗೋ ಹಳೇ ಪೈಪು ಸೋರಬಾರದು. ಉಜನಿಯಿಂದ ಎರಡನೇ ದೊಡ್ಡ ಪೈಪು ಹಾಕಿದ ಮಾತ್ರಕ್ಕೆ ನಿಮ್ಮ ಕೊಡ ತುಂಬೋದಿಲ್ಲ. ಒಬ್ಬ ನಗರಸೇವಕರು ದಿನಾ ನೀರು ಬಿಡಿಸ್ತೇನೆ ಅಂದರೆ ಅದು ಸುಮ್ನೆ ಮಾತು. ನಿಮ್ಮ ಓಣಿಗೆ ಯಾವ ಟಾಕಿಯಿಂದ ನೀರು ಬರುತ್ತದೆ, ಎಲ್ಲಿ ಸೋರುತ್ತಿದೆ, ಯಾವ ಕೆಲಸ ನಿಂತಿದೆ ಎಂದು ಇಬ್ಬರನ್ನೂ ಕೇಳಿ. ನೋಡೋಣ, ಯಾರು ಹೇಳ್ತಾರೆ.

ನನಗೆ ಇನ್ನೂ ಮುಖ್ಯ ಅನಿಸೋದು ಬೇರೆ. 2022ರ ಮಾರ್ಚ್‌ನಿಂದ ಪಾಲಿಕೆಯಲ್ಲಿ ಆರಿಸಿ ಬಂದವರು ಯಾರೂ ಇರಲಿಲ್ಲ, ಎಲ್ಲ ಪ್ರಶಾಸಕರ, ಅಂದರೆ ಸರಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಹೆಚ್ಚುಕಮ್ಮಿ ನಾಲ್ಕು ವರ್ಷ! ಹೆಸರಿನ ಮುಂದೆ ಹುದ್ದೆ ಇಲ್ಲದ ಆ ಕಾಲದಲ್ಲಿ ಇವರಿಬ್ಬರು ಎಲ್ಲಿದ್ದರು? ನಿಮ್ಮ ಅತ್ತೆಯವರು ಹೇಳಿದ್ದನ್ನು ನೀವೇ ಬರೆದಿದ್ದೀರಿ, ಗಟಾರ ಉಕ್ಕಿದಾಗ ಹಳಬರು ಬೈಕೊಂಡೇ ಬಂದು ನಿಂತು ಕೆಲಸ ಮಾಡಿಸಿದರು ಅಂತ. ಡಾಕ್ಟರಮ್ಮ ಆ ವರ್ಷಗಳಲ್ಲಿ ಓಣಿಗೆ ಬಂದಿದ್ದರ ಬಗ್ಗೆ ನೀವು ಏನೂ ಬರೆದಿಲ್ಲ. ಅವರು ಓದಿದವರು, ಸೌಮ್ಯ ಮಾತು, ಅದಕ್ಕೆ ಬೆಲೆ ಇಲ್ಲ ಎಂದಲ್ಲ. ಪಾಲಿಕೆಯ ದವಾಖಾನೆಗಳ ಸ್ಥಿತಿ ನೋಡಿದರೆ ಸಭೆಯಲ್ಲಿ ಒಬ್ಬ ಡಾಕ್ಟರ್ ಇರಬೇಕು ಎಂದು ನನಗೂ ಆಸೆ. ಆದರೆ ನೀವು ಕೊಟ್ಟ ವಿವರದ ಮೇಲೆ ನನ್ನ ಮತ ಹಳಬರಿಗೆ. ಹಾಕೋ ಮೊದಲು ಒಂದು ಕೇಳಿ: ಹಿಂದಿನ ಸಲ ರಸ್ತೆ, ಗಟಾರದ ಗುತ್ತಿಗೆ ಅವರ ನಂಟರಿಗೇ ಹೋಗಿತ್ತಾ? ಹೋಗಿತ್ತು ಎಂದು ಗೊತ್ತಾದರೆ ನಾನು ಡಾಕ್ಟರಮ್ಮನಿಗೇ ಹಾಕುತ್ತೇನೆ, ಎರಡು ಮಾತಿಲ್ಲ.

ಇಬ್ಬರೂ ಮನೆಗೆ ಬಂದು ಕನ್ನಡದಲ್ಲೇ ಮಾತಾಡಿದರು ಎಂದು ಖುಷಿಯಿಂದ ಬರೆದಿದ್ದೀರಿ. ಖುಷಿ ಸರಿ. ಹಾಗೇ ಪಾಲಿಕೆಯ ಕನ್ನಡ ಶಾಲೆಗಳಿಗೆ ಏನು ಮಾಡ್ತೀರಿ ಅಂತಲೂ ಕೇಳಿ. ಓಟು ಕೇಳೋವಾಗ ಬರೋ ಕನ್ನಡ ಸಭೆಯಲ್ಲಿ ಶಿಕ್ಷಕರ ನೇಮಕದ ಮಾತು ಬಂದಾಗಲೂ ನೆನಪಾಗಬೇಕು, ಅಲ್ವಾ?

ಮತ್ತೆ, ಮತಗಟ್ಟೆಯಲ್ಲಿ ಗಾಬರಿಯಾಗಬೇಡಿ. ಹೆಚ್ಚಿನ ಪ್ರಭಾಗಗಳಲ್ಲಿ ನಾಲ್ಕು ಸೀಟು, ನಾಲ್ಕು ಮತ. ನಿಮ್ಮ ಇಬ್ಬರ ಸೀಟಿಗೆ ಒಂದೇ ಬಟನ್ ಒತ್ತಿ ಹೊರಗೆ ಬರೋ ಹಾಗಿಲ್ಲ, ಉಳಿದ ಸೀಟುಗಳಿಗೂ ಒತ್ತಬೇಕು, ಯಾರೂ ಬೇಡವೆಂದರೆ ನೋಟಾ. ಆ ಉಳಿದ ಸೀಟುಗಳಿಗೆ ನಿಂತವರ ಬಗ್ಗೆಯೂ ಈಗಲೇ ವಿಚಾರಿಸಿ ಇಡಿ. ಜನವರಿ 15 ಸಿದ್ಧರಾಮೇಶ್ವರ ಜಾತ್ರೆಯ ಗದ್ದಲದಲ್ಲೇ ಬಂದಿದೆ, ಬೆಳಿಗ್ಗೆಯೇ ಹೋಗಿಬಿಡಿ.