ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಹೊಗೆ ವಾಸನೆ ಜಾಸ್ತಿ ಯಾಕೆ?

ಹುಬ್ಬಳ್ಳಿಯ ವಿದ್ಯಾನಗರದಿಂದ ಹೊರಟು ಉಣಕಲ್ ಬರೋದ್ರೊಳಗೆ ವಾಸನೆ ಹೋಗುತ್ತೆ, ಯಾಕೆ ಅಂತ ಕೇಳಿದ್ದೀರಿ. ಹೊಗೆ ಪೈಪಿನಲ್ಲಿ ಕೂತು ಕೆಟ್ಟ ಅನಿಲಗಳನ್ನು ಕಡಿಮೆ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಇನ್ನೂ ತಣ್ಣಗಿರುತ್ತೆ, ಅಷ್ಟೇ. ಅದರೊಳಗೆ ಜೇನುಗೂಡಿನಂಥ ಪಿಂಗಾಣಿ ತುಂಡು, ಅದರ ಮೇಲೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪ. ಸುಮಾರು 250–300 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಅದು ಸರಿಯಾಗಿ ಕೆಲಸ ಮಾಡೋದಿಲ್ಲ. ಒಲೆ ಉರಿದರೂ ಹಂಚು ಕಾಯದಿದ್ದರೆ ರೊಟ್ಟಿ ಬೇಯಲ್ಲ ಅಲ್ವಾ, ಹಾಗೆ.

ಇಂಜಿನ್ ಕಂಪ್ಯೂಟರ್ ಇದಕ್ಕೇ ಮೊದಮೊದಲು ಆರ್‌ಪಿಎಂ (ಇಂಜಿನ್ ತಿರುಗೋ ವೇಗ) ಜಾಸ್ತಿ ಇಟ್ಟು, ಸ್ಪಾರ್ಕನ್ನು ಬೇಕಂತಲೇ ಸ್ವಲ್ಪ ತಡವಾಗಿ ಕೊಡುತ್ತೆ. ಆಗ ಬಿಸಿಯೆಲ್ಲ ಪಿಸ್ಟನ್ ತಳ್ಳೋದರಲ್ಲಿ ಖರ್ಚಾಗದೆ ಒಂದಷ್ಟು ಪೈಪಿಗೆ ಹೋಗಿ ಕನ್ವರ್ಟರ್ ಬೇಗ ಕಾಯುತ್ತೆ. ಆ ಜೋರು ಸದ್ದಿಗೆ ಗ್ಯಾರೇಜಿಗೆ ಓಡಬೇಡಿ. ನಿಂತಲ್ಲೇ ಐದು ನಿಮಿಷ ಇಂಜಿನ್ ಓಡಿಸೋದೂ ಸುಮ್ನೆ ಪೆಟ್ರೋಲ್ ದಂಡ, ಮೆಲ್ಲಗೆ ಹೊರಟುಬಿಡಿ.

ಅತಿ ಬಿಸಿಯೂ ಕೆಟ್ಟದ್ದೇ. 900 ಡಿಗ್ರಿ ದಾಟಿ ತುಂಬ ಹೊತ್ತು ಇದ್ದರೆ ಲೋಹದ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ, ಅನಿಲ ತಾಗುವ ಜಾಗ ಕಡಿಮೆಯಾಗುತ್ತೆ. ಒಂದು ಪ್ಲಗ್ ಕೈಕೊಟ್ಟರೆ ಸುಡದ ಪೆಟ್ರೋಲ್ ಕನ್ವರ್ಟರ್‌ನಲ್ಲೇ ಉರಿಯುತ್ತೆ. ಚೆಕ್ ಇಂಜಿನ್ ಲೈಟ್ ಮಿಣುಕುತ್ತಿದ್ದರೆ ಹೆಚ್ಚಾಗಿ ಇದೇ ಕಥೆ. ನಾನು ಒಮ್ಮೆ ಆ ಲೈಟ್ ನೋಡಿಯೂ ಗದಗದಿಂದ ಹಾಗೇ ಓಡಿಸಿಕೊಂಡು ಬಂದೆ. ಬಿಚ್ಚಿದಾಗ ಜೇನುಗೂಡು ಅರ್ಧ ಕರಗಿ ಮುದ್ದೆಯಾಗಿತ್ತು.

ಹಾಂ, ಸುಗ್ಗಿಯಲ್ಲಿ ನಮ್ಮ ಕಡೆ ಒಕ್ಕಣೆಗೆ ರಸ್ತೆ ಮೇಲೆ ಬೆಳೆ ಹರವಿರ್ತಾರಲ್ಲ, ಅದರ ಮೇಲೆ ಕಾರು ನಿಲ್ಲಿಸಬೇಡಿ. ಅಡಿಯಲ್ಲಿ ಸಿಕ್ಕಿಕೊಂಡ ಒಣ ಹೊಟ್ಟು ಆ ಬಿಸಿಗೆ ಹೊತ್ತಿಕೊಳ್ಳಬಹುದು.